ಯಾರೂ ಒಯ್ಯದ ಪುಸ್ತಕ

ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಮರ ಅಪರೂಪ.
ಗಾಳಿಗೆ ಅಡ್ಡ ನಿಲ್ಲುವುದು
ಕುರಿ, ಕಲ್ಲಿನ ಗೋಡೆ, ಮತ್ತೆ
ಹದಿನೈದು ದಿನಕ್ಕೊಮ್ಮೆ ಬರುವ
ಓಸ್ಲಾಳ ಹಳದಿ ವ್ಯಾನು.

ಒಳಗೆ ಎರಡು ಸಾವಿರ ಪುಸ್ತಕ,
ಒಂದು ಹೀಟರು, ಡೀಸೆಲ್ಲಿನ ವಾಸನೆ,
ತಿರುವಿನಲ್ಲಿ ಜಾರದಂತೆ
ಸಾಲುಸಾಲಿಗೂ ಬಿಗಿದ ರಬ್ಬರು ಪಟ್ಟಿ.
ಒಂದೊಂದು ಊರಿಗೆ ಇಪ್ಪತ್ತು ನಿಮಿಷ.
ಬೇಕಾದ್ದು ಒಯ್ಯಿರಿ, ಓದಿದ್ದು ಇಡಿ,
ಬಾಗಿಲು ಮಾತ್ರ ಬೇಗ ಹಾಕಿ, ಚಳಿ.

ಈಗ ಕಚೇರಿಯಿಂದ ಪಟ್ಟಿ ಬಂದಿದೆ:
ಮೂರು ವರ್ಷದಲ್ಲಿ ಒಮ್ಮೆಯೂ ಹೊರಗೆ ಹೋಗದವು
ಇಂತಿಂಥವು, ತೆಗೆದುಹಾಕುವುದು.
ಹದಿನಾಲ್ಕನೆಯದು,
ಮಕ್ಕಳ ಚಿತ್ರಕಾದಂಬರಿ, ಹಸಿರು ರಟ್ಟು.
ಒಯ್ದವರು: ಸೊನ್ನೆ.

ಸೊನ್ನೆಯಂತೆ!
ಓಸ್ಲಾ ಕೈಗೆತ್ತಿಕೊಂಡರೆ
ಪುಸ್ತಕದ ಬೆನ್ನೇ ಮುರಿದಿದೆ,
ಅಂಚೆಲ್ಲ ಒಣರೊಟ್ಟಿಯ ಹಾಗೆ ಸುರುಟಿದೆ,
ಎಲ್ಲೋ ಚಿಪ್ಸಿನ ಎಣ್ಣೆ, ಎಲ್ಲೋ ನೆಗಡಿಯ ಬೆರಳು.
ಅರವತ್ತೆರಡನೇ ಪುಟ ತಾನಾಗಿ ತೆರೆದುಕೊಳ್ಳುತ್ತದೆ,
ಬಾಯಿಗೆ ಬಂದ ಮಗ್ಗಿಯಂತೆ.

ಆ ಪುಟದಲ್ಲಿ ಮಾತಿಲ್ಲ.
ದೀಪಸ್ತಂಭ ಕಾಯುವವನ ಮಗು
ಅಮ್ಮ ಹೆಣೆದ ಜಡೆಯನ್ನು
ಮೀನು ಕೊಯ್ಯುವ ಚಾಕುವಿನಿಂದ ಕತ್ತರಿಸಿ
ಸಮುದ್ರಕ್ಕೆ ಎಸೆಯುತ್ತದೆ.
ಮುಂದಿನ ಚೌಕದಲ್ಲಿ
ಸೀಲೊಂದು ತಲೆಯೆತ್ತಿ ನೋಡುತ್ತದೆ,
ಬೋಳು, ನುಣುಪು, ಅಚ್ಚರಿಯೇನೂ ಇಲ್ಲದೆ.
ಅದರ ಮುಂದಿನ ಚೌಕದಲ್ಲಿ ಅಪ್ಪ
ಎರಡು ಬಟ್ಟಲಿಗೆ ಸೂಪು ಬಡಿಸುತ್ತಾನೆ.
ಅಷ್ಟೇ.

(ಕನ್ನಡದಲ್ಲಿ ಮಗು ಎಂದರೆ ಅದು.
ಅವನೋ ಅವಳೋ ಎಂದು
ಅವಸರಪಡುವವರು ದೊಡ್ಡವರು.
ಆ ಊರಿನ ಮಾತಿಗೆ ಈ ಪುಣ್ಯ ಇಲ್ಲ.)

ಪುಟಗಳ ನಡುವೆ ಮೂರು ಗುರುತು:
ಹರಿದ ಫೆರಿ ಟಿಕೆಟ್ಟು,
ನೀಲಿ ಉಣ್ಣೆಯ ಎಳೆ,
ಕಡಲಹಕ್ಕಿಯ ಗರಿ.
ಆಗ ಹೊಳೆಯಿತು ಓಸ್ಲಾಗೆ.
ಧಕ್ಕೆಯ ಬಳಿ ಹತ್ತುವ,
ಅಣ್ಣನ ಜಾಕೆಟ್ಟಿನಲ್ಲಿ ಮುಳುಗಿಹೋದ ಒಬ್ಬರು;
ಅಜ್ಜಿಗೆ ಪತ್ತೇದಾರಿ ಕತೆ ಹುಡುಕುವ ನೆಪದ
ಇನ್ನೊಬ್ಬರು;
ಕೊನೆಯ ನಿಲ್ದಾಣದಲ್ಲಿ, ಹೆಸರು ಕೇಳಿದರೆ
ಕೆಮ್ಮು ಬರುವ ಮತ್ತೊಬ್ಬರು.
ನೆಲದ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟು,
ಇಪ್ಪತ್ತು ನಿಮಿಷಕ್ಕೆ ಎಂಟು ಪುಟ, ಹತ್ತು ಪುಟ.
ಮನೆಗೆ ಒಯ್ಯುವಂತಿಲ್ಲ.
ಊರೆಂದರೆ ಹನ್ನೊಂದು ಮನೆ;
ಯಾರ ಚೀಲದಲ್ಲಿ ಏನಿದೆಯೆಂದು
ಕಿಟಕಿಗಳಿಗೆಲ್ಲ ಗೊತ್ತು.

ಓಸ್ಲಾಗೆ ಐವತ್ತೊಂಬತ್ತು.
ಮೀನಿನ ಕಾರ್ಖಾನೆಯಲ್ಲಿ ಒಂದು ಬೇಸಿಗೆ
ಥೋರಾ ಎಂಬವಳ ಪಕ್ಕ ನಿಂತು ಹೆರಿಂಗ್ ಸೀಳಿದ್ದಳು,
ಉಪ್ಪಿನ ಕೈಯಲ್ಲೇ ಅವಳ ಕೆನ್ನೆ ಮುಟ್ಟಿದ್ದಳು.
ಆ ಬೇಸಿಗೆಯ ಚಿತ್ರ ಯಾರೂ ಬರೆದಿರಲಿಲ್ಲ,
ಹಾಗಾಗಿ ಅದು ನಡೆದದ್ದು ಹೌದೇ ಎಂದು
ಅವಳಿಗೇ ಎಷ್ಟೋ ವರ್ಷ ಅನುಮಾನ.

ಪಟ್ಟಿಗೆ ಉತ್ತರ ಬರೆಯಲಿಲ್ಲ.
ತನ್ನದೇ ಕಾರ್ಡು ತೆಗೆದು
ಯಂತ್ರದ ಕೆಂಪು ಗೆರೆಯ ಕೆಳಗೆ ಹಿಡಿದಳು.
ಕುಂಯ್ ಎಂದಿತು.
ಒಯ್ದವರು: ಒಂದು.
ಮತ್ತೆ ಅದೇ ಜಾಗದಲ್ಲಿ, ಹವಾಮಾನದ ಪುಸ್ತಕಗಳ ಹಿಂದೆ,
ಗುರುತುಗಳು ಅಲುಗದಂತೆ ಇಟ್ಟಳು.
ಹದಿನೈದು ದಿನಕ್ಕೊಮ್ಮೆ ಹೀಗೇ.
ಕಚೇರಿಯ ಲೆಕ್ಕದಲ್ಲಿ ಈಗ ಅದು
ತುಂಬ ಬೇಡಿಕೆಯ ಪುಸ್ತಕ;
ಇನ್ನೊಂದು ಪ್ರತಿ ಕಳಿಸೋಣವೇ ಎಂದು ಕೇಳಿದ್ದಾರೆ.

ಡಿಸೆಂಬರು, ಮೂರು ಗಂಟೆಗೇ ಕತ್ತಲು.
ವ್ಯಾನು ಗುಡಿಸುವಾಗ ನೋಡಿದಳು:
ಟಿಕೆಟ್ಟು, ಉಣ್ಣೆ, ಎರಡೂ
ಅರವತ್ತೆರಡರಲ್ಲಿ.
ಎಳೆಯನ್ನು ಟಿಕೆಟ್ಟಿಗೆ ಸುತ್ತಿ ಯಾರೋ
ಸಡಿಲವಾಗಿ ಒಂದು ಗಂಟು ಹಾಕಿದ್ದಾರೆ.

ಗರಿ ಮಾತ್ರ
ಮೂವತ್ತೊಂದರಲ್ಲೇ ಇದೆ, ಆಗಸ್ಟಿನಿಂದ.
ಕೊನೆಯ ನಿಲ್ದಾಣದಲ್ಲಿ ಓಸ್ಲಾ ಈಗ
ಇಪ್ಪತ್ತೈದು ನಿಮಿಷ ನಿಲ್ಲಿಸುತ್ತಾಳೆ.
ಹೀಟರು ಆರಿಸುವುದಿಲ್ಲ.